ಬೆರಳ ಕೆಳಗಿನ ರಂಧ್ರ

ಕಳೆದ ಮಾಘಮಾಸದಲ್ಲಿ ಒಂದು ಸಂಗೀತೋತ್ಸವದ ನೇಪಥ್ಯದಲ್ಲಿ ಅರ್ಧ ಗಂಟೆಯ ಕಾಲ ಕುಳಿತು ನೋಡುವ ಸಂದರ್ಭ ನನಗೆ ಒದಗಿತ್ತು. ಕೀಬೋರ್ಡು, ಗಿಟಾರು, ಡ್ರಮ್ಮುಗಳ ನಡುವೆ ನಾಗಸ್ವರವನ್ನು ಸೇರಿಸಿ ನುಡಿಸುವ ಕಾರ್ಯಕ್ರಮವದು. ಅರುವತ್ತನ್ನು ಸಮೀಪಿಸಿದ ವಿದ್ವಾಂಸರೊಬ್ಬರು ಚಾಪೆಯ ಮೇಲೆ ಕುಳಿತು, ಪೀಪಿಯನ್ನು ತುಟಿಗಳ ನಡುವೆ ಇಟ್ಟು ತೇವಗೊಳಿಸುತ್ತ, ಅದನ್ನು ಸಿಕ್ಕಿಸುವ ಲೋಹದ ಕೊಳವೆಯ ಬುಡಕ್ಕೆ ಸುತ್ತಿದ್ದ ನೂಲನ್ನು ಒಂದೊಂದೇ ಸುತ್ತು ಬಿಚ್ಚಿ, ಕೊಳವೆಯನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿ, ಊದಿ ನೋಡಿ, ಅಸಮಾಧಾನದಿಂದ ತಲೆಯಲ್ಲಾಡಿಸಿ, ಮತ್ತೆ ಅದನ್ನೇ ಮೊದಲಿನಿಂದ ಮಾಡುತ್ತಿದ್ದರು. ಎದುರಿಗೆ ಕುಳಿತ ತರುಣನು ಕೀಬೋರ್ಡಿನ ಒಂದೇ ಮನೆಯನ್ನು ಒತ್ತಿ ಹಿಡಿದಿದ್ದನು. ಎರಡು ಷಡ್ಜಗಳ ನಡುವಣ ಅಂತರ ಕಿರಿದಾಗುತ್ತ ಬಂದಿತೇ ಹೊರತು ಅಳಿಯಲಿಲ್ಲ. ಕಡೆಗೆ ಆ ಹುಡುಗನೇ, “ಗುರುಗಳೇ, ನೀವು ಕಷ್ಟಪಡಬೇಡಿ, ನಾನೇ ಒಂದಿಷ್ಟು ಇಳಿಸ್ಕೋತೀನಿ” ಎಂದು ತನ್ನ ಯಂತ್ರದ ಗುಂಡಿಯನ್ನು ತಿರುಗಿಸಿದನು. ವಿದ್ವಾಂಸರು ನಕ್ಕು ತಲೆದೂಗಿದರು. ಆದರೆ ಅಷ್ಟು ದೀರ್ಘವಾದ ಸಾಧನೆಯುಳ್ಳವರು ಶ್ರುತಿಗಾಗಿ ಮತ್ತೊಬ್ಬರ ದಾಕ್ಷಿಣ್ಯವನ್ನು ಸ್ವೀಕರಿಸಬೇಕಾಗಿ ಬಂದುದು ನನ್ನ ಮನಸ್ಸನ್ನು ನೋಯಿಸಿತು.

ಇಂಥ ಪ್ರಸಂಗಗಳನ್ನು ಕಂಡವರಲ್ಲಿ ಕೆಲವರು, ನಾಗಸ್ವರವು ಈ ಕಾಲದ ಸಂಗೀತಕ್ಕೆ ಒಗ್ಗಬೇಕಾದರೆ ಅದಕ್ಕೆ ಕ್ಲ್ಯಾರಿನೆಟ್ಟಿನಂತೆ ಲೋಹದ ಕೀಲಿಗಳನ್ನು ಜೋಡಿಸಬೇಕು, ಹನ್ನೆರಡು ಸ್ವರಗಳಿಗೆ ಹನ್ನೆರಡು ಸ್ಥಿರಸ್ಥಾನಗಳನ್ನು ಕೊರೆಯಬೇಕು ಎನ್ನುತ್ತಾರೆ. ಮತ್ತೆ ಕೆಲವರು, ಅದು ದೇವಾಲಯದ ಮಂಗಳವಾದ್ಯ, ಹಿರಿಯರು ಕೊಟ್ಟ ಆಕಾರದಲ್ಲಿ ಒಂದು ರೇಖೆಯನ್ನೂ ಕದಲಿಸಕೂಡದು ಎನ್ನುತ್ತಾರೆ. ಎರಡನ್ನೂ ಆದರದಿಂದಲೇ ಕೇಳಿದ್ದೇನೆ, ಎರಡನ್ನೂ ಒಪ್ಪಲಾರೆ. ನಾಗಸ್ವರವನ್ನು ಹೊಸದಾಗಿ ವಿನ್ಯಾಸಗೊಳಿಸುವುದು ಅವಶ್ಯವೆಂದೇ ನನ್ನ ದೃಢವಾದ ನಂಬಿಕೆ. ಆದರೆ ಬೆರಳಿಗೂ ರಂಧ್ರಕ್ಕೂ ನಡುವೆ ಯಾವ ವಸ್ತುವೂ ಬರಕೂಡದೆಂಬುದು ಆ ಕಾರ್ಯದ ಮೊದಲನೆಯ ನಿಯಮವಾಗತಕ್ಕದ್ದು.

ವಾದ್ಯದ ರಚನೆಯನ್ನು ಒಂದಿಷ್ಟು ಸಮೀಪದಿಂದ ನೋಡಿದರೆ ಈ ನಿಯಮದ ಕಾರಣ ತಾನಾಗಿ ತಿಳಿಯುತ್ತದೆ. ನಾಗಸ್ವರವೆಂದರೆ ಮೇಲಿನಿಂದ ಕೆಳಕ್ಕೆ ಬರಬರುತ್ತ ಅಗಲವಾಗುವ ಶಂಕುವಿನಾಕಾರದ ಪೊಳ್ಳುಳ್ಳ ಒಂದು ಮರದ ಕೊಳವೆ. ಅದರ ತುದಿಯಲ್ಲಿ ‘ಅಣಸು’ ಎಂಬ ಅಗಲವಾದ ಬಾಯಿ. ತಲೆಯಲ್ಲಿ ಸಣ್ಣದೊಂದು ಲೋಹದ ಕೊಳವೆ. ಅದರ ಮೇಲೆ, ಜೊಂಡಿನ ಎರಡು ತೆಳುವಾದ ನಾಲಗೆಗಳನ್ನು ಕೂಡಿಸಿ ಕಟ್ಟಿದ, ತಮಿಳುನಾಡಿನ ವಿದ್ವಾಂಸರು ಸೀವಾಳಿಯೆಂದು ಕರೆಯುವ ಪೀಪಿ. ಹೆಚ್ಚುವರಿ ಪೀಪಿಗಳ ಗೊಂಚಲೊಂದು, ಅವುಗಳ ಬಾಯನ್ನು ಸರಿಪಡಿಸುವ ಸೂಜಿಯೊಡನೆ, ದಾರದಲ್ಲಿ ಸದಾ ತೂಗಾಡುತ್ತಿರುವುದನ್ನು ಮದುವೆಮನೆಯ ಓಲಗವನ್ನು ನೋಡಿದವರೆಲ್ಲರೂ ಬಲ್ಲರು. ಬೆರಳಾಡುವ ರಂಧ್ರಗಳು ಏಳು. ಅವುಗಳ ಕೆಳಗೆ ಇನ್ನೈದು ರಂಧ್ರಗಳುಂಟು. ಇವನ್ನು ಬೆರಳು ಮುಟ್ಟುವುದಿಲ್ಲ, ಅಗತ್ಯವಿದ್ದಷ್ಟು ಮೇಣವನ್ನು ತುಂಬಿ ಶ್ರುತಿಯನ್ನು ತಿದ್ದಿಕೊಳ್ಳುವುದಕ್ಕೆ ಮಾತ್ರ ಇವುಗಳ ಉಪಯೋಗ.

ಏಳೇ ರಂಧ್ರಗಳಿಂದ ನಮ್ಮ ಸಂಗೀತದ ಎಲ್ಲ ಸ್ವರಸ್ಥಾನಗಳೂ, ಅವುಗಳ ನಡುವಣ ಅಸಂಖ್ಯಾತ ಛಾಯೆಗಳೂ ಹೇಗೆ ಹೊರಡುತ್ತವೆ? ಬೆರಳು ರಂಧ್ರವನ್ನು ಪೂರ್ತಿ ಮುಚ್ಚಬಹುದು, ಪೂರ್ತಿ ತೆರೆಯಬಹುದು, ಇಲ್ಲವೆ ಚಂದ್ರನ ಕಲೆಗಳಂತೆ ಎಷ್ಟು ಬೇಕೋ ಅಷ್ಟು ತೆರೆದು ಅಲ್ಲಿಯೇ ತಡೆದು ನಿಲ್ಲಬಹುದು. ತುಟಿ ಪೀಪಿಯನ್ನು ಬಿಗಿಹಿಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇವೆರಡರ ಜತೆಗೆ ಉಸಿರಿನ ವೇಗ. ಬೆರಳು, ತುಟಿ, ಉಸಿರು ಈ ಮೂರರ ಸಾಮರಸ್ಯದಿಂದ ತೋಡಿಯ ಗಾಂಧಾರವು ಆಂದೋಳಿತವಾಗಿ ಹೊರಡುತ್ತದೆ. ಆ ಗಾಂಧಾರವು ಒಂದು ಸ್ಥಾನದಲ್ಲಿ ನಿಂತಿರುವ ಬಿಂದುವಾಗಿರದೆ, ಎರಡು ಸ್ಥಾನಗಳ ನಡುವೆ ಹೋಗಿಬರುವ ಒಂದು ಚಲನೆಯಾಗಿರುವುದರಿಂದ, ಅದಕ್ಕಾಗಿ ಪ್ರತ್ಯೇಕವಾದ ತೂತೊಂದನ್ನು ಎಲ್ಲಿ ಕೊರೆದರೂ ಪ್ರಯೋಜನವಿಲ್ಲ. ಕೀಲಿಯ ಮುಚ್ಚಳಕ್ಕೆ ತೆರೆಯುವುದು, ಮುಚ್ಚುವುದು ಎರಡೇ ಸಹಜವಾದ ಅವಸ್ಥೆಗಳು. ನಡುವಣ ನೂರು ಅವಸ್ಥೆಗಳು ಬೆರಳಿನ ಮೆತ್ತನೆಯ ಚರ್ಮಕ್ಕೆ ಮಾತ್ರ ವಶವಾಗಿರತಕ್ಕವು.

ಯೂರೋಪಿನಲ್ಲಿ ಕೀಲಿಗಳು ಬಂದುದಕ್ಕೆ ಅಲ್ಲಿನ ಸಂಗೀತದ ಅವಶ್ಯಕತೆಯೇ ಕಾರಣವಾಗಿತ್ತು. ಮ್ಯೂನಿಕ್ ನಗರದಲ್ಲಿ 1794ರಲ್ಲಿ ಹುಟ್ಟಿ, ಅಕ್ಕಸಾಲಿಗನ ಕೈಚಳಕವನ್ನೂ ಕೊಳಲುವಾದಕನ ಕಿವಿಯನ್ನೂ ಒಟ್ಟಿಗೆ ಪಡೆದಿದ್ದ ಥಿಯೋಬಾಲ್ಡ್ ಬೋಮ್ ಎಂಬಾತನು, 1831ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಚಾರ್ಲ್ಸ್ ನಿಕಲ್ಸನ್ ಎಂಬ ವಾದಕನ ಕೊಳಲಿನ ದೊಡ್ಡ ರಂಧ್ರಗಳಿಂದ ಹೊರಡುತ್ತಿದ್ದ ತುಂಬುನಾದಕ್ಕೆ ಮಾರುಹೋದನು. ಮರುವರ್ಷವೇ ತನ್ನ ಹೊಸ ಮಾದರಿಯನ್ನು ಸಿದ್ಧಗೊಳಿಸಿದನು. 1847ರಲ್ಲಿ ಕೊಳವೆಯ ಪೊಳ್ಳನ್ನೂ ಬದಲಿಸಿ, ಇಂದಿಗೂ ಪಾಶ್ಚಾತ್ಯ ಕೊಳಲಿಗೆ ಆಧಾರವಾಗಿರುವ ರೂಪವನ್ನು ಕೊಟ್ಟನು. ಪ್ರತಿಯೊಂದು ಅರ್ಧಸ್ವರಕ್ಕೂ ಒಂದೊಂದು ರಂಧ್ರವಿರಬೇಕು, ಆ ರಂಧ್ರವು ಬೆರಳಿಗೆ ಅನುಕೂಲವಾದಲ್ಲಿ ಇರದೆ ನಾದಶಾಸ್ತ್ರವು ಹೇಳಿದಲ್ಲಿ ಇರಬೇಕು, ಅದು ಸಾಧ್ಯವಾದಷ್ಟು ದೊಡ್ಡದಾಗಿರಬೇಕು—ಇವು ಆತನ ಸೂತ್ರಗಳು. ಹಾಗೆ ಮಾಡಿದಾಗ ಬೆರಳುಗಳು ಎಲ್ಲ ರಂಧ್ರಗಳನ್ನೂ ತಲಪಲಾರವಾದ್ದರಿಂದ ಕೀಲಿಗಳ ವ್ಯವಸ್ಥೆ ಅನಿವಾರ್ಯವಾಯಿತು. ಒಂದೇ ಕೃತಿಯಲ್ಲಿ ಆಧಾರಸ್ವರವನ್ನು ಮತ್ತೆ ಮತ್ತೆ ಬದಲಿಸುತ್ತ ಸಾಗುವ, ಹಲವು ವಾದ್ಯಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಸಿ ಕೂಡುವ ಸಂಗೀತಕ್ಕೆ ಅದು ಮಹೋಪಕಾರವನ್ನೇ ಮಾಡಿತು. ಬೋಮನ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಆತನಿಂದ ನಾವು ಕಲಿಯತಕ್ಕದ್ದು ಕೀಲಿಯನ್ನಲ್ಲ, ತನ್ನ ಸಂಗೀತಕ್ಕೆ ಏನು ಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆ ಬಳಿಕ ಕೊಳವೆಗೆ ಕೈಹಚ್ಚಿದ ಆ ಕ್ರಮವನ್ನು.

ನಾಗಸ್ವರಕ್ಕೂ ಶಹನಾಯಿಗೂ ಸಮೀಪದ ಬಂಧುವಾದ ಚೀನದ ಸುವೋನಾ ವಾದ್ಯಕ್ಕೆ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಅಲ್ಲಿನ ಹೊಸ ವಾದ್ಯವೃಂದಗಳಲ್ಲಿ ಕೂರುವುದಕ್ಕಾಗಿ ಕೀಲಿಗಳನ್ನು ತೊಡಿಸಿದ್ದುಂಟು. ಮಂದ್ರಶ್ರುತಿಯ ದೊಡ್ಡ ಸುವೋನಾಗಳೂ ಹುಟ್ಟಿದವು. ವೃಂದದ ಬರಹದ ಸಾಲುಗಳನ್ನು ಅವು ಚೆನ್ನಾಗಿಯೇ ನಿರ್ವಹಿಸುತ್ತವೆ. ಆದರೆ ಹಳ್ಳಿಯ ಮದುವೆ ಮೆರವಣಿಗೆಗಳಲ್ಲಿ, ಹಕ್ಕಿಯ ಕೂಗನ್ನೂ ಮನುಷ್ಯನ ದನಿಯನ್ನೂ ಅನುಕರಿಸುವ ಜಾನಪದ ವಾದಕನು ಇಂದಿಗೂ ತೆರೆದ ರಂಧ್ರಗಳ ಹಳೆಯ ಸುವೋನಾವನ್ನೇ ಹಿಡಿದಿದ್ದಾನೆ.

ಇನ್ನು, ಪರಂಪರೆಯ ಆಕಾರವನ್ನು ಕದಲಿಸಕೂಡದೆನ್ನುವವರ ಮಾತು. ನಾವು ಇಂದು ಪುರಾತನವೆಂದು ಕೈಮುಗಿಯುವ ನಾಗಸ್ವರವೇ ನಮ್ಮ ಹಿರಿಯರ ನೆನಪಿನ ಅವಧಿಯಲ್ಲಿ ಆದ ಒಂದು ನವವಿನ್ಯಾಸವೆಂಬುದನ್ನು ಅವರು ದಯವಿಟ್ಟು ಗಮನಿಸಬೇಕು. ಹಿಂದೆ ಬಳಕೆಯಲ್ಲಿದ್ದುದು ‘ತಿಮಿರಿ’ಯೆಂಬ ಗಿಡ್ಡ ವಾದ್ಯ. ಅದರ ಶ್ರುತಿ ಏರು. ನಾಲ್ಕು ರಾಜಬೀದಿಗಳನ್ನು ಸುತ್ತುವ ಉತ್ಸವದಲ್ಲಿ ದೂರದವರೆಗೆ ಕೇಳಿಸಬೇಕಾದ ನಾದಕ್ಕೆ ಅದು ತಕ್ಕದ್ದೇ ಆಗಿತ್ತು. ತಿರುವಾವಡುದುರೈ ರಾಜರತ್ನಂ ಪಿಳ್ಳೆಯವರು (1898–1956) ಬೀದಿಯ ವಾದ್ಯವನ್ನು ಸಭೆಯ ವೇದಿಕೆಗೆ ತಂದು, ಗಾಯಕನು ಗಂಟೆಗಟ್ಟಲೆ ರಾಗವನ್ನು ವಿಸ್ತರಿಸುವಂತೆ ತಾವೂ ವಿಸ್ತರಿಸಬೇಕೆಂದು ಬಯಸಿದಾಗ, ತಿಮಿರಿಯ ಚುರುಕುದನಿ ಆ ಬಯಕೆಗೆ ಸಾಲದಾಯಿತು. ಎರಡು, ಎರಡೂವರೆ ಮನೆಯ ಶ್ರುತಿಗೆ ಇಳಿದ, ಸುಮಾರು ಎರಡೂವರೆ ಅಡಿಗೂ ಮೀರಿದ ಉದ್ದದ, ಗಂಭೀರವಾದ ‘ಬಾರಿ’ ನಾಗಸ್ವರವು ಅವರಿಂದ ಪ್ರಚಾರಕ್ಕೆ ಬಂದಿತು. ಉದ್ದ ಹೆಚ್ಚಿದರೆ ಸಾಲದು. ಶುದ್ಧಮಧ್ಯಮವು ತುಟಿಯ ಬಲಾತ್ಕಾರವಿಲ್ಲದೆ ತನ್ನ ಸ್ಥಾನದಲ್ಲಿ ಸರಿಯಾಗಿ ನುಡಿಯಬೇಕು. ಅದನ್ನು ಸಾಧಿಸಿಕೊಟ್ಟವರು ಕುಂಭಕೋಣದ ಸಮೀಪದ ನರಸಿಂಗಂಪೇಟೆಯ ಶಿಲ್ಪಿ ರಂಗನಾಥನ್ ಆಚಾರಿಯವರು. ಆ ಗ್ರಾಮದ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ನುಡಿಸುವವನ ಬಯಕೆ, ಮಾಡುವವನ ಬೈರಿಗೆ ಇವೆರಡೂ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಕುಳಿತುದರ ಫಲ ಅದು. ಅಲ್ಲಿಯೂ ಉದ್ದ ಬದಲಾಯಿತು, ಪೊಳ್ಳು ಬದಲಾಯಿತು, ಶ್ರುತಿ ಬದಲಾಯಿತು. ಬೆರಳು ಮಾತ್ರ ರಂಧ್ರದ ಮೇಲೆಯೇ ಉಳಿಯಿತು.

ಉತ್ತರದೇಶದ ಬಾನ್ಸುರಿಯ ಕಥೆಯೂ ಇದೇ ಜಾಡಿನದು. ಬಾರಿಸಾಲಿನಲ್ಲಿ 1911ರಲ್ಲಿ ಜನಿಸಿದ ಪನ್ನಾಲಾಲ್ ಘೋಷರು ಖಯಾಲಿನ ವಿಳಂಬಗತಿಗೆ ತಕ್ಕ ಕೊಳಲನ್ನು ಅರಸುತ್ತ, ನಾನಾ ದ್ರವ್ಯಗಳನ್ನು ಪರೀಕ್ಷಿಸಿ, ಕಡೆಗೆ ಬಿದಿರಿಗೇ ಮರಳಿ, ಅದನ್ನು ಸುಮಾರು 32 ಅಂಗುಲದವರೆಗೆ ಬೆಳೆಸಿದರು. ತೀವ್ರಮಧ್ಯಮಕ್ಕಾಗಿ ಏಳನೆಯ ರಂಧ್ರವನ್ನೂ ಸೇರಿಸಿದರು. ಅವರ ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರರ ಮೂಲಕ ಆ ವಿದ್ಯೆಗೂ ನಮ್ಮ ನಾಡಿಗೂ ಸಂಬಂಧವುಂಟು.

ಕೀಲಿಯನ್ನು ನಾನು ಇಷ್ಟು ಬಲವಾಗಿ ವಿರೋಧಿಸುತ್ತಿರುವಾಗ, ಓದುಗರಲ್ಲಿ ಅನೇಕರಿಗೆ ಕದ್ರಿ ಗೋಪಾಲನಾಥರ ನೆನಪು ಬಂದಿರಲಿಕ್ಕೆ ಸಾಕು, ಬರತಕ್ಕದ್ದೇ. ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ 1949ರಲ್ಲಿ, ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತು, ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದ ಶಿಲ್ಪಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದಿದ್ದ ಆ ಹಿತ್ತಾಳೆಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಉತ್ಸವದಲ್ಲಿ ನುಡಿಸಿದರು. ಅದಕ್ಕೂ ಮೊದಲು ಶಿವರಾಮ ಕಾರಂತರು ತಮ್ಮ ಯಕ್ಷಗಾನದ ಪ್ರಯೋಗಗಳಲ್ಲಿ ಅದೇ ವಾದ್ಯವನ್ನು ಪಿಟೀಲಿನೊಡನೆ ಬಳಸಿಕೊಂಡಿದ್ದರು. ಇಂದು ಕರಾವಳಿಯ ಮದುವೆಯ ಚಪ್ಪರಗಳಲ್ಲಿಯೂ ದೇವಸ್ಥಾನದ ಅಂಗಳಗಳಲ್ಲಿಯೂ ಸ್ಯಾಕ್ಸೋಫೋನು ನಮ್ಮದೇ ಆಗಿಹೋಗಿದೆ. ಇದರಿಂದ ಕೀಲಿಗಳು ಗಮಕಕ್ಕೆ ಅಡ್ಡಿಯಲ್ಲವೆಂದು ಸಿದ್ಧವಾಯಿತೇ? ನನಗೆ ಹಾಗೆ ತೋರುವುದಿಲ್ಲ. ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡುಗಳನ್ನು ಮಾಡಿಕೊಂಡರು. ಎರಡು ದಶಕಗಳಷ್ಟು ಕಾಲ ಅದರೊಡನೆ ಹೋರಾಡಿದರು. ನಾಗಸ್ವರದ ಮನೆಯಲ್ಲಿ ಬೆಳೆದ ಕಿವಿಯಿಂದ, ಕೀಲಿಯ ಕೈಗೆ ಒಪ್ಪಿಸಲಾಗದ ಕೆಲಸವನ್ನು ತುಟಿಗೂ ಉಸಿರಿಗೂ ವರ್ಗಾಯಿಸಿದರು. ಕೀಲಿಯಿಂದ ತುಂಬಿದ ವಾದ್ಯವೊಂದನ್ನು ನಾಗಸ್ವರದ ಕಡೆಗೆ ಎಳೆದು ತರುವುದರಲ್ಲಿ ಒಬ್ಬ ಮಹಾಪ್ರತಿಭಾವಂತನ ಯೌವನವೆಲ್ಲ ಸಂದಿತೆಂದ ಮೇಲೆ, ನಾಗಸ್ವರವನ್ನೇ ಕೀಲಿಯ ಕಡೆಗೆ ಎಳೆದೊಯ್ಯುವುದು ಯಾವ ನ್ಯಾಯ?

ಹಾಗಾದರೆ ಏನನ್ನು ಬದಲಿಸಬೇಕು? ಮೊದಲನೆಯದಾಗಿ ಶ್ರುತಿಯ ವಿಷಯ. ಏಕೆಂದರೆ ನೇಪಥ್ಯದ ಆ ನೂಲಿನ ಸುತ್ತು ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ. ಕ್ಲ್ಯಾರಿನೆಟ್ಟನ್ನು ಹಲವು ತುಂಡುಗಳಾಗಿ ಮಾಡಿರುವುದರಿಂದ ಮೇಲಿನ ಕೀಲನ್ನು ಒಂದಿಷ್ಟು ಹೊರಕ್ಕೆಳೆದು ಶ್ರುತಿಯನ್ನು ಇಳಿಸಿಕೊಳ್ಳಬಹುದು. ನಾಗಸ್ವರದ ಮರವಾದರೋ ಒಂದೇ ಅಖಂಡವಾದ ತುಂಡು. ಅದರ ಮೇಲ್ತುದಿಯಲ್ಲಿ ಜಾರುವ ಒಂದು ಕೂಡುಗೆಯನ್ನು ಅಳವಡಿಸಬಹುದಲ್ಲವೆ ಎಂದು ಯಾರಿಗಾದರೂ ತೋರೀತು. ಸಣ್ಣ ಪ್ರಮಾಣದಲ್ಲಿ ಅದು ಸಾಧು. ಆದರೆ ಅರ್ಧಸ್ವರದಷ್ಟು ಶ್ರುತಿ ಬದಲಾಗಬೇಕಾದರೆ ಗಾಳಿಯ ಕಂಬದ ಉದ್ದವು ಶೇಕಡಾ 6ರಷ್ಟು ಬದಲಾಗಬೇಕು. ಮೇಲ್ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಎಳೆದರೆ, ಎಲ್ಲ ರಂಧ್ರಗಳೂ ಮುಚ್ಚಿದಾಗಿನ ಪೂರ್ತಿ ಉದ್ದಕ್ಕೆ ಆಗುವ ವ್ಯತ್ಯಾಸದ ಇಮ್ಮಡಿಯು ಅರ್ಧ ಉದ್ದದ ಕಂಬಕ್ಕೆ ಆಗುತ್ತದೆ. ಕೆಳಗಿನ ಸ್ವರಗಳು ಒಂದಿಷ್ಟು ಇಳಿದರೆ ಮೇಲಿನ ಸ್ವರಗಳು ಅದಕ್ಕಿಂತ ಬಹಳ ಇಳಿದು, ವಾದ್ಯದ ಒಳಗಿನ ಪರಸ್ಪರ ಸಂಬಂಧವೇ ಕೆಡುತ್ತದೆ. ಆದಕಾರಣ ಜಾರುವ ಕೂಡುಗೆಯು ಕೂದಲೆಳೆಯ ಅಂತರಗಳಿಗೆ ಮಾತ್ರ. ಅರ್ಧಸ್ವರದ ಅಂತರಗಳಿಗೆ, ಒಂದೊಂದು ಶ್ರುತಿಗೂ ರಂಧ್ರಗಳ ಸ್ಥಾನವನ್ನೂ ಪೊಳ್ಳಿನ ಇಳಿಜಾರನ್ನೂ ಹೊಸದಾಗಿ ಲೆಕ್ಕಹಾಕಿದ ಪ್ರತ್ಯೇಕ ವಾದ್ಯಗಳ ಒಂದು ಕುಟುಂಬವೇ ಬೇಕು. ಆ ಅಳತೆಗಳು ಇಂದು ಕೆಲವೇ ಮನೆತನಗಳ ಕೈಗಳಲ್ಲಿಯೂ ಹಳೆಯ ಅಳತೆಗೋಲುಗಳಲ್ಲಿಯೂ ಉಳಿದಿವೆ. ಅವರ ಸಮ್ಮತಿಯಿಂದ, ಅವರಿಗೆ ತಕ್ಕ ಸಂಭಾವನೆಯನ್ನಿತ್ತು, ಅವರ ಹೆಸರಿನಲ್ಲಿಯೇ ಅವನ್ನು ದಾಖಲಿಸುವುದು ತಡಮಾಡತಕ್ಕ ಕೆಲಸವಲ್ಲ.

ಎರಡನೆಯದು ಧ್ವನಿವರ್ಧಕದ ಸಮಸ್ಯೆ. ಬಯಲಿಗಾಗಿ ಹುಟ್ಟಿದ ನಾದವನ್ನು ಮುಚ್ಚಿದ ಸಭಾಂಗಣದೊಳಗೆ ತಂದು, ಅದರ ಬಾಯಿಗೆ ನೇರವಾಗಿ ಮೈಕನ್ನು ಒಡ್ಡಿ, ಕಿವಿಗೆ ಕರ್ಕಶವಾಗಿದೆಯೆಂದು ದೂರುವವರನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಆ ಉತ್ಸವದ ರಾತ್ರಿಯೂ ಮೈಕು ಅಣಸಿನ ಎದುರಿಗೇ ನಿಂತಿತ್ತು. ಮರದ ಸುಷಿರವಾದ್ಯದ ನಾದವೆಲ್ಲ ತುದಿಯ ಬಾಯಿಂದಲೇ ಬರುವುದಿಲ್ಲ. ಆ ಕ್ಷಣಕ್ಕೆ ತೆರೆದಿರುವ ರಂಧ್ರಗಳಿಂದಲೇ ಅದರ ಗಂಭೀರವಾದ ಅಂಶವು ಬಹುಮಟ್ಟಿಗೆ ಹೊರಸೂಸುತ್ತದೆ, ತುದಿಯಿಂದ ಹೆಚ್ಚಾಗಿ ಹೊರಬೀಳುವುದು ತೀಕ್ಷ್ಣವಾದ ಅಂಶ. ಮೈಕನ್ನು ಬೆರಳುಗಳ ಕಡೆಗೆ ಒಂದು ಮೊಳ ದೂರದಲ್ಲಿ ಇಟ್ಟರೆ ದೂರಿನ ಅರ್ಧಭಾಗ ಅಲ್ಲಿಯೇ ಶಾಂತವಾಗುತ್ತದೆ. ಉಳಿದ ಅರ್ಧಕ್ಕೆ, ಸಭಾಂಗಣಕ್ಕೆಂದೇ ಕಟ್ಟಿದ ಮೃದುವಾದ ಪೀಪಿಯೂ, ಅಣಸಿನ ಆಕಾರದಲ್ಲಿ ಒಂದಿಷ್ಟು ಪ್ರಯೋಗವೂ ಬೇಕು.

ಪೀಪಿಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ: ಹೊರದೇಶಗಳ ಸ್ಯಾಕ್ಸೋಫೋನು, ಓಬೋಗಳಿಗೆ ಕೃತಕ ದ್ರವ್ಯದ ಪೀಪಿಗಳು ಬಂದು ಬಹುಕಾಲವಾಯಿತು. ಮಳೆಗಾಲದಲ್ಲಿ ಒಂದು ವಿಧ, ಹವಾನಿಯಂತ್ರಣದ ಕೋಣೆಯಲ್ಲಿ ಒಂದು ವಿಧವಾಗಿ ವರ್ತಿಸುವ ಜೊಂಡಿನ ಪೀಪಿಗೆ ಅಂಥ ಒಂದು ಪರ್ಯಾಯವನ್ನು ಶ್ರದ್ಧೆಯಿಂದ ಪರೀಕ್ಷಿಸಿ ನೋಡಬಹುದು. ವಾದಕರ ತುಟಿ ಒಪ್ಪಿದರೆ ಸ್ವೀಕರಿಸುವುದು, ಒಪ್ಪದಿದ್ದರೆ ಬಿಡುವುದು.

ಮರದ ಚಿಂತೆ ಇದಕ್ಕಿಂತ ಭಾರವಾದದ್ದು. ತಮಿಳರು ಆಚಾ ಎನ್ನುವ, ನಮ್ಮಲ್ಲಿ ಕಮರವೆಂದು ಹೆಸರಾದ ಗಟ್ಟಿಮರವೇ ನಾಗಸ್ವರಕ್ಕೆ ಶ್ರೇಷ್ಠ. ಅದರಲ್ಲಿಯೂ ಹಳೆಯ ಮನೆಗಳನ್ನು ಕೆಡವಿದಾಗ ದೊರೆಯುವ, ಹತ್ತಾರು ವರ್ಷ ಬಿಸಿಲುಗಾಳಿಗಳನ್ನು ಕಂಡು ತನ್ನ ಕೊಂಕನ್ನೆಲ್ಲ ಕಳೆದುಕೊಂಡ ಕಂಬ ತೊಲೆಗಳನ್ನೇ ಶಿಲ್ಪಿಗಳು ಅರಸಿ ಕೊಳ್ಳುತ್ತಾರೆ. ಹಸಿಮರದಲ್ಲಿ ಕೊರೆದ ಪೊಳ್ಳು ಒಣಗುತ್ತ ಬಾಗುತ್ತದೆ, ಸೀಳುತ್ತದೆ, ಶ್ರುತಿ ಕೈಬಿಡುತ್ತದೆ. ಅಂಥ ಮನೆಗಳೂ ಎಷ್ಟು ಕಾಲ ಉಳಿದಾವು? ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರವಿಜ್ಞಾನಕ್ಕೆಂದೇ ಒಂದು ಕೇಂದ್ರ ಸಂಸ್ಥೆಯಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವಿದೆ. ಚನ್ನಪಟ್ಟಣದಲ್ಲಿ ಮರ ಕಡೆಯುವ ಕೈಗಳು ತಲೆಮಾರುಗಳಿಂದ ಪಳಗಿವೆ. ಸರ್ ಸಿ. ವಿ. ರಾಮನ್ನರು ಮೃದಂಗದ ಕರಣೆಯಿಂದ ಅದರ ಉಪಸ್ವರಗಳು ಹೇಗೆ ಕ್ರಮಬದ್ಧವಾಗುತ್ತವೆಂಬುದನ್ನು 1920ರಲ್ಲಿಯೇ ಲೋಕಕ್ಕೆ ತೋರಿಸಿದ್ದರು. ಇಷ್ಟೆಲ್ಲ ಬಲವು ಒಂದೇ ನಾಡಿನೊಳಗಿರುವಾಗ, ಈ ಮೂರು ಸ್ಥಳಗಳ ಜನರನ್ನೂ ನರಸಿಂಗಂಪೇಟೆಯ ಶಿಲ್ಪಿಗಳನ್ನೂ ನಮ್ಮ ಓಲಗದ ವಿದ್ವಾಂಸರನ್ನೂ ವರ್ಷಕ್ಕೊಂದು ತಿಂಗಳು ಒಂದು ಕಮ್ಮಟದಲ್ಲಿ ಕೂಡಿಸುವುದು ಸರಕಾರಕ್ಕಾಗಲಿ ಉದಾರಿಗಳಿಗಾಗಲಿ ಅಸಾಧ್ಯವಾದ ವೆಚ್ಚವಲ್ಲ. ಆದರೆ ಅಲ್ಲಿ ಮೊದಲ ಆಸನವು ನುಡಿಸುವವನಿಗೂ ಮಾಡುವವನಿಗೂ ಸಲ್ಲಬೇಕು. ಬಹುಕಾಲ ನಿಂತು ನುಡಿಸುತ್ತಲೇ ಬಂದವರನ್ನು ತಮ್ಮ ವಾದ್ಯದ ವಿಚಾರವನ್ನು ಚರ್ಚಿಸುವ ಮನೆಯಲ್ಲಿಯೂ ನಿಲ್ಲಿಸಿಬಿಡಬಾರದು.

ಅಂದಿನ ಕಾರ್ಯಕ್ರಮ ಮುಗಿದ ಮೇಲೆ ಆ ವಿದ್ವಾಂಸರ ಬಳಿ ಮತ್ತೆ ಹೋದೆ. ಅವರ ಹತ್ತು ವರ್ಷದ ಮೊಮ್ಮಗ ತಾತನ ಬಾರಿಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ಎಡಗೈಯ ಬೆರಳುಗಳನ್ನು ಮೇಲಿನ ರಂಧ್ರಗಳಿಗೆ ಹೊಂದಿಸಿ, ಬಲಗೈಯ ಬೆರಳುಗಳನ್ನು ಕೆಳಗಿನವಕ್ಕೆ ಚಾಚುತ್ತಿದ್ದನು. ಕೊನೆಯ ಬೆರಳು ರಂಧ್ರದ ಅಂಚನ್ನು ಮುಟ್ಟುತ್ತಿತ್ತು, ಮುಚ್ಚುತ್ತಿರಲಿಲ್ಲ. “ಇವನಿಗೆ ಸದ್ಯಕ್ಕೆ ಮುಖವೀಣೆಯಲ್ಲೇ ಪಾಠ. ಇವನ ಕೈಗೆ ಹಿಡಿಯೋ ಅಂಥ, ಆದರೆ ಬಾರಿಯ ಹಾಗೇ ನುಡಿಯೋ ಅಂಥದ್ದನ್ನ ಯಾರಾದರೂ ಮಾಡಿಕೊಟ್ಟರೆ ನಾಳೆಯಿಂದಲೇ ಶುರು ಮಾಡಿಬಿಡ್ತೀನಿ” ಎಂದರು. ಹಾಗೆಂದು ತಮ್ಮ ಕೈಯನ್ನು ದೀಪದ ಬೆಳಕಿಗೆ ಒಡ್ಡಿ ತೋರಿಸಿದರು. ಎರಡು ಗಂಟೆಯ ಕಾಲ ನುಡಿಸಿದ ಬೆರಳುಗಳ ಒಳಮೈಯಲ್ಲಿ ಒಂದೊಂದು ರಂಧ್ರದ ಗುರುತೂ ದುಂಡಗೆ, ಮುದ್ರೆಯೊತ್ತಿದಂತೆ ಮೂಡಿತ್ತು. ಹುಡುಗನು ತಾತನ ಬೆರಳನ್ನು ಹಿಡಿದು ನೋಡಿ, ತನ್ನ ಬೆರಳನ್ನು ನೋಡಿಕೊಂಡು, ಮತ್ತೆ ವಾದ್ಯದ ಮೇಲೆ ಚಾಚತೊಡಗಿದನು.